ವಿದ್ಯುತ್ ಕಾರು: ಲಾಭ ಯಾರಿಗೆ, ನೆರವು ಯಾರಿಗೆ?

ಕಳೆದ ತಿಂಗಳು ನಮ್ಮ ಹಳೆಯ ಮಿತ್ರರೊಬ್ಬರು ಮನೆಗೆ ದಯಮಾಡಿಸಿದ್ದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತವನ್ನು ಬೋಧಿಸಿ ನಿವೃತ್ತರಾದವರು. ಬೆಂಗಳೂರಿನ ಬಸವನಗುಡಿಯಲ್ಲಿ ಸ್ವಂತ ಮನೆಯುಂಟು. ಮನೆಯ ಮಗ್ಗುಲಲ್ಲಿ ಕಾರು ನಿಲ್ಲಿಸುವ ಷೆಡ್ಡೂ ಉಂಟು. ಕಾಫಿಯ ಲೋಟವನ್ನು ಕೆಳಗಿಡುತ್ತ ಅವರು ಹೇಳಿದರು: "ನಿವೃತ್ತಿಯ ಕಾಲಕ್ಕೆ ಬಂದ ಹಣದಲ್ಲಿ ಒಂದು ವಿದ್ಯುತ್ ಕಾರನ್ನು ಕೊಳ್ಳಬೇಕೆಂದಿದ್ದೇನೆ. ಪೆಟ್ರೋಲಿನ ಕಾರಿಗೆ ಕಿಲೋಮೀಟರಿಗೆ ಆರು ರೂಪಾಯಿಯ ಮೇಲೆ ಖರ್ಚು. ಇದಕ್ಕೆ ಒಂದೂಕಾಲು ರೂಪಾಯಿ ಸಾಕಂತೆ. ಸರ್ಕಾರವೂ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತದೆ. ಇದಕ್ಕಿಂತ ಲಾಭದ ವ್ಯವಹಾರ ಇನ್ನಾವುದಿದೆ, ನೀವೇ ಹೇಳಿ."

ಅದೇ ವಾರ ರೈಲ್ವೆ ನಿಲ್ದಾಣಕ್ಕೆ ಹೋಗಲು ನಾವೊಂದು ಬಾಡಿಗೆ ಕಾರನ್ನು ಹಿಡಿದೆವು. ಚಾಲಕನು ಮೂವತ್ತರ ಆಸುಪಾಸಿನ ತರುಣ. ದಿನಕ್ಕೆ ಸುಮಾರು ಇನ್ನೂರು ಕಿಲೋಮೀಟರು ಓಡಿಸುವುದಾಗಿ ತಿಳಿಸಿದ. ವಿದ್ಯುತ್ ಕಾರನ್ನು ಏಕೆ ಕೊಳ್ಳಬಾರದೆಂದು ಕೇಳಿದೆವು. "ಆಸೆಯೇನೋ ಇದೆ ಸಾರ್. ಮಾಗಡಿ ರಸ್ತೆ ಕಡೆ ವಠಾರದಲ್ಲಿ ಬಾಡಿಗೆಗಿದ್ದೀನಿ. ರಾತ್ರಿ ಗಾಡಿ ಬೀದೀಲಿ ನಿಲ್ಲುತ್ತೆ. ಕರೆಂಟು ಎಲ್ಲಿಂದ ಎಳೀಲಿ?" ಎಂದ. ಸಾಲದ ಮಾತೂ ಬಂತು. ಕಾರಿನ ಬೆಲೆ ಏರಿದಷ್ಟೂ ಕೈಯಿಂದ ಹಾಕಬೇಕಾದ ಮುಂಗಡವೂ ಏರುತ್ತದೆ. ಅಷ್ಟು ಹಣ ಅವನಲ್ಲಿಲ್ಲ.

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಮಾಡಲಿಲ್ಲ. ವಿದ್ಯುತ್ ಕಾರಿನಿಂದ ನಿಜವಾದ ಲಾಭವನ್ನು ಪಡೆಯಬಲ್ಲವನು ಈ ಚಾಲಕ. ಅದನ್ನು ಕೊಳ್ಳಬಲ್ಲವರು ನಮ್ಮ ಮೇಷ್ಟರು. ಸರ್ಕಾರಗಳು ಇದುವರೆಗೆ ನೀಡಿರುವ ರಿಯಾಯಿತಿಗಳಲ್ಲಿ ಹೆಚ್ಚಿನ ಪಾಲು ಮೇಷ್ಟರಂಥವರ ಕೈಗೇ ಸೇರಿದೆ. ಇದು ಬದಲಾಗಬೇಕೆಂಬುದು ನಮ್ಮ ಅಭಿಪ್ರಾಯ. ಕಾರಣವನ್ನು ತಿಳಿಯಲು ಮೊದಲು ಯಂತ್ರದ ಒಳಗನ್ನೂ, ಅನಂತರ ಲೆಕ್ಕದ ಪುಸ್ತಕವನ್ನೂ ನೋಡಬೇಕಾಗುತ್ತದೆ.

ಒಂದು ಲೀಟರು ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿ ಸುಮಾರು ೯ ಯೂನಿಟ್ಟು ವಿದ್ಯುತ್ತಿಗೆ ಸಮನಾದುದು. ಯೂನಿಟ್ಟೆಂದರೆ ಮನೆಯ ಮೀಟರು ಅಳೆಯುವ ಅದೇ ಯೂನಿಟ್ಟು, ಅಂದರೆ ಒಂದು ಕಿಲೋವಾಟ್-ಗಂಟೆ. ನಗರದ ಸಂದಣಿಯಲ್ಲಿ ಸಣ್ಣ ಕಾರೊಂದು ಆ ಒಂದು ಲೀಟರಿನಲ್ಲಿ ೧೬ ಕಿಲೋಮೀಟರು ಓಡೀತು. ಅಷ್ಟೇ ದೂರಕ್ಕೆ ಅದೇ ಗಾತ್ರದ ವಿದ್ಯುತ್ ಕಾರು ಗೋಡೆಯ ಪ್ಲಗ್ಗಿನಿಂದ ಎಳೆದುಕೊಳ್ಳುವುದು ೩ ಯೂನಿಟ್ಟಿಗೂ ಕಡಿಮೆ. ಮಿಕ್ಕ ಆರು ಯೂನಿಟ್ಟು ಎಲ್ಲಿ ಹೋಯಿತು? ಪೆಟ್ರೋಲಿನ ಎಂಜಿನು ಮೂಲತಃ ಒಂದು ಉಷ್ಣಯಂತ್ರ. ಉರಿಯಿಂದ ಹುಟ್ಟಿದ ಶಾಖದಲ್ಲಿ ಒಂದಂಶವನ್ನಷ್ಟೇ ಅದು ಚಲನೆಯಾಗಿ ಮಾರ್ಪಡಿಸಬಲ್ಲದು. ಉಳಿದುದು ರೇಡಿಯೇಟರಿನಿಂದಲೂ ಹೊಗೆಯ ಕೊಳವೆಯಿಂದಲೂ ಗಾಳಿಗೆ ಸೇರುತ್ತದೆ. ವಿದ್ಯುತ್ ಮೋಟಾರಿನಲ್ಲಿ ಇಂತಹ ನಷ್ಟ ಅತ್ಯಲ್ಪ. ಅಷ್ಟೇ ಅಲ್ಲ, ಬ್ರೇಕು ಹಾಕಿದಾಗ ಅದೇ ಮೋಟಾರು ಜನರೇಟರಾಗಿ ತಿರುಗಿ, ಚಲನೆಯ ಶಕ್ತಿಯಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಹೆಜ್ಜೆಹೆಜ್ಜೆಗೂ ನಿಂತು ಹೊರಡುವ ನಗರದ ಓಡಾಟದಲ್ಲಿ ಈ ಗುಣ ಬಹಳ ಉಪಯುಕ್ತ.

ಹೀಗೆ ಓಡಿಸುವ ಖರ್ಚು ಅಗ್ಗವಾಗಲು ಪ್ರಕೃತಿಯ ನಿಯಮವೇ ಕಾರಣ. ಆದರೆ ಆ ಶಕ್ತಿಯನ್ನು ಹೊತ್ತು ತಿರುಗುವುದು ಅಗ್ಗವಲ್ಲ. ಪೆಟ್ರೋಲನ್ನು ಹಿಡಿದಿಡಲು ಒಂದು ತಗಡಿನ ತೊಟ್ಟಿ ಸಾಕು. ವಿದ್ಯುತ್ತನ್ನು ಹಿಡಿದಿಡಲು ಲಿಥಿಯಮ್ ಬ್ಯಾಟರಿ ಬೇಕು. ಇದರ ಬೆಲೆ ವಿಸ್ಮಯಕರವಾಗಿ ಇಳಿದಿದೆಯೆಂಬುದು ನಿಜ. ೨೦೧೦ರಲ್ಲಿ ಒಂದು ಯೂನಿಟ್ಟನ್ನು ತುಂಬಿಡಬಲ್ಲ ಬ್ಯಾಟರಿಗೆ ಸಾವಿರ ಡಾಲರಿಗೂ ಮೀರಿ ತೆರಬೇಕಾಗಿತ್ತು. ೨೦೨೪ರಲ್ಲಿ ಲೋಕದ ಸರಾಸರಿ ಬೆಲೆ ೧೧೫ ಡಾಲರಿಗೆ ಬಂದಿತ್ತು. ಆದರೂ ೩೦ ಯೂನಿಟ್ಟಿನ ಬ್ಯಾಟರಿಗೆ ಆ ದರದಲ್ಲಿ ೩,೪೫೦ ಡಾಲರು, ಅಂದರೆ ನಮ್ಮ ಹಣದಲ್ಲಿ ಸುಮಾರು ೩ ಲಕ್ಷ ರೂಪಾಯಿ ಆಯಿತಲ್ಲವೆ? ವಿದ್ಯುತ್ ಕಾರನ್ನು ಕೊಳ್ಳುವವನು ಮುಂದಿನ ಹಲವು ವರ್ಷಗಳ ಇಂಧನದ ಖರ್ಚಿನಲ್ಲಿ ಬಹುಭಾಗವನ್ನು ಅಂಗಡಿಯಲ್ಲಿಯೇ ಮುಂಗಡವಾಗಿ ಕಟ್ಟಿ ಬರುತ್ತಾನೆಂದು ಹೇಳಬಹುದು. ಮುಂಗಡ ಕಟ್ಟಿದ ಮೇಲೆ ಅದನ್ನು ಓಡಿಯೇ ತೀರಿಸಿಕೊಳ್ಳಬೇಕು.

ಇನ್ನು ಲೆಕ್ಕವನ್ನು ಮಾಡೋಣ. ಸುಲಭವಾಗಲೆಂದು ಪೆಟ್ರೋಲಿನ ಬೆಲೆ ಲೀಟರಿಗೆ ೧೦೦ ರೂಪಾಯಿಯೆಂದೂ, ಮನೆಯ ವಿದ್ಯುತ್ತಿಗೆ ಎಲ್ಲ ಸೇರಿ ಯೂನಿಟ್ಟಿಗೆ ೭ ರೂಪಾಯಿ ೫೦ ಪೈಸೆಯೆಂದೂ ಇಟ್ಟುಕೊಳ್ಳೋಣ. ಲೀಟರಿಗೆ ೧೬ ಕಿಲೋಮೀಟರು ಓಡುವ ಕಾರಿಗೆ ಕಿಲೋಮೀಟರಿಗೆ ೬ ರೂಪಾಯಿ ೨೫ ಪೈಸೆ. ಯೂನಿಟ್ಟಿಗೆ ೬ ಕಿಲೋಮೀಟರು ಓಡುವ ವಿದ್ಯುತ್ ಕಾರಿಗೆ ೧ ರೂಪಾಯಿ ೨೫ ಪೈಸೆ. ಉಳಿತಾಯ ಕಿಲೋಮೀಟರಿಗೆ ೫ ರೂಪಾಯಿ. ಮೇಷ್ಟರ ಲೆಕ್ಕದಲ್ಲಿ ಇಲ್ಲಿಯ ತನಕ ತಪ್ಪಿಲ್ಲ. ಆದರೆ ಒಂದೇ ಬಗೆಯ ಎರಡು ಕಾರುಗಳಲ್ಲಿ ವಿದ್ಯುತ್ತಿನದು ೩ ಲಕ್ಷ ರೂಪಾಯಿ ಹೆಚ್ಚಾದರೆ, ಆ ಹೆಚ್ಚಳ ತೀರಬೇಕಾದರೆ ೬೦,೦೦೦ ಕಿಲೋಮೀಟರು ಓಡಿಸಬೇಕು. ನಮ್ಮ ಮಿತ್ರರು ತಿಂಗಳಿಗೆ ಎಷ್ಟು ಓಡಿಸುತ್ತಾರೆ? ಸಂತೆಗೆ, ಸಂಗೀತ ಕಚೇರಿಗೆ, ವರ್ಷಕ್ಕೆ ಎರಡು ಸಲ ಊರಿಗೆ. ಸರಾಸರಿ ೫೦೦ ಕಿಲೋಮೀಟರೆಂದು ಅವರೇ ಒಪ್ಪಿದರು. ಆ ಲೆಕ್ಕದಲ್ಲಿ ೬೦,೦೦೦ ಕಿಲೋಮೀಟರಿಗೆ ಹತ್ತು ವರ್ಷ ಬೇಕು.

ಅಷ್ಟಕ್ಕೇ ಮುಗಿಯಲಿಲ್ಲ. ಆ ೩ ಲಕ್ಷ ರೂಪಾಯಿಯನ್ನು ಬ್ಯಾಂಕಿನಲ್ಲಿ ಶೇಕಡ ೭ರ ಬಡ್ಡಿಗೆ ಇಟ್ಟಿದ್ದರೆ ವರ್ಷಕ್ಕೆ ೨೧,೦೦೦ ರೂಪಾಯಿ ಬರುತ್ತಿತ್ತು. ವರ್ಷಕ್ಕೆ ೬,೦೦೦ ಕಿಲೋಮೀಟರು ಓಡಿಸಿ ಅವರು ಉಳಿಸುವುದು ೩೦,೦೦೦ ರೂಪಾಯಿ. ಕಳೆದರೆ ಉಳಿಯುವುದು ೯,೦೦೦ ಮಾತ್ರ. ಅಸಲು ಹಿಂದಿರುಗಲು ಮೂವತ್ತಮೂರು ವರ್ಷ! ಗಣಿತದ ಮೇಷ್ಟರು ಮಕ್ಕಳಿಗೆ ಚಕ್ರಬಡ್ಡಿಯನ್ನು ಹೇಳಿಕೊಟ್ಟು ತಮ್ಮ ವ್ಯವಹಾರದಲ್ಲಿ ಸರಳಬಡ್ಡಿಯನ್ನೂ ಮರೆತಿದ್ದರು. ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಅವರು ಬಹಳ ಹೊತ್ತು ಮಾತನಾಡಲಿಲ್ಲ.

ಈಗ ಬಾಡಿಗೆ ಕಾರಿನ ಚಾಲಕನನ್ನು ತೆಗೆದುಕೊಳ್ಳೋಣ. ದಿನಕ್ಕೆ ೨೦೦ ಕಿಲೋಮೀಟರಿನಂತೆ ತಿಂಗಳಿಗೆ ಇಪ್ಪತ್ತೈದು ದಿನ ಓಡಿಸಿದರೆ ವರ್ಷಕ್ಕೆ ೬೦,೦೦೦ ಕಿಲೋಮೀಟರು. ಮೇಷ್ಟರಿಗೆ ಹತ್ತು ವರ್ಷ ಬೇಕಾದ ದೂರವನ್ನು ಅವನು ಒಂದೇ ವರ್ಷದಲ್ಲಿ ಮುಗಿಸುತ್ತಾನೆ. ಅಲ್ಲಿಂದ ಮುಂದೆ ತಿಂಗಳಿಗೆ ೨೫,೦೦೦ ರೂಪಾಯಿ ಅವನ ಸಂಸಾರಕ್ಕೆ ಉಳಿಯುತ್ತದೆ. ಆದರೆ ಈ ಲೆಕ್ಕ ಮನೆಯಲ್ಲಿ ಚಾರ್ಜು ಮಾಡಬಲ್ಲವನಿಗೆ ಮಾತ್ರ. ಬೀದಿಯಲ್ಲಿ ಕಾರು ನಿಲ್ಲಿಸುವವನು ಸಾರ್ವಜನಿಕ ಚಾರ್ಜಿಂಗ್ ಕೇಂದ್ರಕ್ಕೇ ಹೋಗಬೇಕು. ಅಲ್ಲಿ ಯೂನಿಟ್ಟಿಗೆ ೨೦ ರೂಪಾಯಿ ತೆತ್ತರೆ ಕಿಲೋಮೀಟರಿನ ಉಳಿತಾಯ ಮೂರು ರೂಪಾಯಿಗೂ ಕೆಳಗಿಳಿಯುತ್ತದೆ. ಹೆಚ್ಚಳ ತೀರಲು ಇಪ್ಪತ್ತೊಂದು ತಿಂಗಳು ಹಿಡಿಯುತ್ತದೆ. ಸರದಿಯಲ್ಲಿ ಕಾದು ಕಳೆದ ಹೊತ್ತು ಅವನ ಸಂಪಾದನೆಯಲ್ಲೇ ಖೋತ. ಸ್ವಂತ ಷೆಡ್ಡುಳ್ಳ ಗೃಹಸ್ಥನಿಗೆ ಅಗ್ಗದ ವಿದ್ಯುತ್ತು, ಬೀದಿಯಲ್ಲಿ ನಿಲ್ಲಿಸುವ ದುಡಿಮೆಗಾರನಿಗೆ ದುಬಾರಿ ವಿದ್ಯುತ್ತು: ಇದು ಎಲ್ಲಿಯ ನ್ಯಾಯ?

ಮಿಕ್ಕ ಖರ್ಚುಗಳನ್ನೂ ಹೇಳದೆ ಬಿಟ್ಟರೆ ಪಕ್ಷಪಾತವಾದೀತು. ವಿದ್ಯುತ್ ಕಾರಿಗೆ ಎಂಜಿನಿನ ಎಣ್ಣೆ ಬೇಡ. ಸ್ಪಾರ್ಕ್ ಪ್ಲಗ್ಗು, ಕ್ಲಚ್ಚು ಇವುಗಳ ಗೊಡವೆಯಿಲ್ಲ. ದುರಸ್ತಿಯ ಖರ್ಚು ನಿಶ್ಚಯವಾಗಿಯೂ ಕಡಿಮೆ. ಮೂರನೆಯವರಿಗಾಗುವ ಹಾನಿಯ ವಿಮೆಯ ಕಂತಿನಲ್ಲಿ ವಿದ್ಯುತ್ ವಾಹನಗಳಿಗೆ ಶೇಕಡ ೧೫ರ ರಿಯಾಯಿತಿಯನ್ನು ೨೦೨೨ರಲ್ಲಿ ಕೇಂದ್ರ ಸರ್ಕಾರವು ಗೊತ್ತುಪಡಿಸಿತು. ಮತ್ತೊಂದು ಕಡೆ, ಕಾರಿನ ಬೆಲೆಯೇ ಹೆಚ್ಚಾದುದರಿಂದ ಸ್ವಂತ ವಾಹನಕ್ಕಾಗುವ ಹಾನಿಯ ವಿಮೆ ಹೆಚ್ಚು. ಬ್ಯಾಟರಿಯ ಭಾರದಿಂದ ಟೈರುಗಳು ಬೇಗ ಸವೆಯುತ್ತವೆ. ಬ್ಯಾಟರಿಗೆ ಎಂಟು ವರ್ಷ ಅಥವಾ ೧,೬೦,೦೦೦ ಕಿಲೋಮೀಟರಿನ ಭರವಸೆಯನ್ನು ಕೊಡುವುದು ಸಾಮಾನ್ಯ ವಾಡಿಕೆ. ಆದರೆ ಹಳೆಯ ಕಾರನ್ನು ಮಾರಹೊರಟಾಗ ಕೊಳ್ಳುವವನಿಗೆ ಬ್ಯಾಟರಿಯ ಒಳಗಿನ ಸ್ಥಿತಿ ಕಣ್ಣಿಗೆ ಕಾಣದು. ಕಾಣದ ವಸ್ತುವಿಗೆ ಯಾರೂ ಒಳ್ಳೆಯ ಬೆಲೆ ಕಟ್ಟುವುದಿಲ್ಲ.

"ಹಣದ ಮಾತು ಹಾಗಿರಲಿ, ಊರಿನ ಗಾಳಿಗಾದರೂ ಒಳ್ಳೆಯದಲ್ಲವೆ?" ಎಂದು ಮಿತ್ರರು ಕೊನೆಗೆ ಕೇಳಿದರು. ಉದಾತ್ತವಾದ ಪ್ರಶ್ನೆ. ಆದರೆ ಗಾಳಿಯ ಲೆಕ್ಕವೂ ಕಿಲೋಮೀಟರಿನ ಲೆಕ್ಕವೇ ಆಗಿದೆ. ಬ್ಯಾಟರಿಯನ್ನು ತಯಾರಿಸುವಾಗಲೇ ಸಾಕಷ್ಟು ಇಂಗಾಲದ ಡೈ ಆಕ್ಸೈಡು ವಾತಾವರಣಕ್ಕೆ ಸೇರಿರುತ್ತದೆ. ನಮ್ಮ ದೇಶದ ವಿದ್ಯುತ್ತಿನ ಬಹುಪಾಲು ಇಂದಿಗೂ ಕಲ್ಲಿದ್ದಲಿನಿಂದಲೇ ಬರುತ್ತಿರುವುದರಿಂದ, ಆ ಹೊರೆ ಇಳಿಯುವುದು ಓಡಿದ ಪ್ರತಿಯೊಂದು ಕಿಲೋಮೀಟರಿನಲ್ಲೂ ಸ್ವಲ್ಪಸ್ವಲ್ಪವಾಗಿ. ಷೆಡ್ಡಿನಲ್ಲಿ ನಿಂತ ವಿದ್ಯುತ್ ಕಾರು ಯಾವ ಹೊಗೆಯನ್ನೂ ತಪ್ಪಿಸಿಲ್ಲ. ದಿನಕ್ಕೆ ಇನ್ನೂರು ಕಿಲೋಮೀಟರು ಓಡುವ ಬಾಡಿಗೆ ಕಾರೊಂದು ವಿದ್ಯುತ್ತಿಗೆ ತಿರುಗಿದರೆ, ಮೇಷ್ಟರ ಕಾರಿನಂತಹ ಹತ್ತು ಕಾರುಗಳು ತಿರುಗಿದಷ್ಟು ಹೊಗೆ ಬೀದಿಯಿಂದ ಮಾಯವಾಗುತ್ತದೆ. ವೈಯಕ್ತಿಕ ಲಾಭವಾಗಲಿ ಸಾರ್ವಜನಿಕ ಲಾಭವಾಗಲಿ, ಎರಡೂ ಓಟಕ್ಕೆ ತಕ್ಕಂತೆ ಬರತಕ್ಕವು. ಪ್ರೋತ್ಸಾಹ ಮಾತ್ರ ಓಟವನ್ನು ನೋಡದೆ, ಕೊಂಡ ಮಾತ್ರಕ್ಕೆ ದೊರಕುತ್ತ ಬಂದಿದೆ.

ನಮ್ಮ ದೇಶದ ಅನುಭವವನ್ನೇ ನೋಡಿ. ೨೦೧೯ರ ಆಗಸ್ಟ್ ೧ರಿಂದ ವಿದ್ಯುತ್ ವಾಹನಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು ಶೇಕಡ ೧೨ರಿಂದ ೫ಕ್ಕೆ ಇಳಿಸಲಾಯಿತು. ಆದಾಯ ತೆರಿಗೆಯಲ್ಲಿಯೂ ಒಂದು ಅನುಕೂಲ ಕಲ್ಪಿಸಲ್ಪಟ್ಟಿತು: ೨೦೧೯ರ ಏಪ್ರಿಲಿನಿಂದ ೨೦೨೩ರ ಮಾರ್ಚಿನ ವರೆಗೆ ಮಂಜೂರಾದ ವಾಹನ ಸಾಲದ ಬಡ್ಡಿಯಲ್ಲಿ ವರ್ಷಕ್ಕೆ ೧,೫೦,೦೦೦ ರೂಪಾಯಿಯ ವರೆಗೆ ಆದಾಯದಿಂದ ಕಳೆಯಬಹುದಾಗಿತ್ತು. ಶೇಕಡ ೩೦ರ ತೆರಿಗೆ ತೆರುವವನಿಗೆ ಇದರಿಂದ ವರ್ಷಕ್ಕೆ ೪೫,೦೦೦ ರೂಪಾಯಿಯ ತನಕ ಉಳಿಯಬಹುದಾಗಿತ್ತು. ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದವನಿಗೆ ಬಿಡಿಗಾಸೂ ಇಲ್ಲ. ವಿದ್ಯುತ್ ವಾಹನಗಳಿಗೆಂದೇ ನೀತಿಯೊಂದನ್ನು ರೂಪಿಸಿದ ಮೊದಲ ರಾಜ್ಯ ನಮ್ಮ ಕರ್ನಾಟಕ, ಅದು ೨೦೧೭ರಲ್ಲಿ. ಪೆಟ್ರೋಲಿನ ಕಾರುಗಳಿಗೆ ಬೆಲೆಗೆ ತಕ್ಕಂತೆ ಶೇಕಡ ೧೩ರಿಂದ ೧೮ರ ವರೆಗಿದ್ದ ಆಜೀವ ತೆರಿಗೆಯಿಂದ ವಿದ್ಯುತ್ ಕಾರುಗಳಿಗೆ ರಾಜ್ಯವು ವಿನಾಯಿತಿ ನೀಡಿತು. ಅದರ ಫಲವೇನೆಂದರೆ, ೨೪ ಲಕ್ಷದ ಕಾರು ಕೊಂಡವನಿಗೆ ಉಳಿದುದು ೪ ಲಕ್ಷಕ್ಕೂ ಹೆಚ್ಚು, ೮ ಲಕ್ಷದ ಕಾರು ಕೊಂಡವನಿಗೆ ಒಂದು ಲಕ್ಷಕ್ಕೆ ಸ್ವಲ್ಪ ಮೇಲೆ. ಸಿರಿವಂತನಾದಷ್ಟೂ ನೆರವು ಹೆಚ್ಚು! ೨೦೨೪ರಲ್ಲಿ ೨೫ ಲಕ್ಷಕ್ಕೂ ಮೀರಿದ ವಿದ್ಯುತ್ ಕಾರುಗಳ ಮೇಲೆ ಶೇಕಡ ೧೦ರ ತೆರಿಗೆಯನ್ನು ವಿಧಿಸಿ ಸರ್ಕಾರವು ಈ ಲೋಪವನ್ನು ಕೊಂಚ ಮಟ್ಟಿಗೆ ಸರಿಪಡಿಸಿತು.

ಕೇಂದ್ರದ ನೇರ ಸಹಾಯಧನದ ಯೋಜನೆಗಳು ಈ ವಿಷಯದಲ್ಲಿ ಹೆಚ್ಚು ವಿವೇಕವನ್ನು ತೋರಿಸಿದವೆಂದು ಒಪ್ಪಬೇಕು. ೨೦೧೯ರ ಏಪ್ರಿಲಿನಲ್ಲಿ ಆರಂಭವಾಗಿ ೨೦೨೪ರ ಮಾರ್ಚಿನಲ್ಲಿ ಮುಗಿದ ಫೇಮ್ ಯೋಜನೆಯ ಎರಡನೆಯ ಹಂತದಲ್ಲಿ ಸ್ವಂತ ಬಳಕೆಯ ಕಾರುಗಳಿಗೆ ಸಹಾಯಧನವಿರಲಿಲ್ಲ. ದ್ವಿಚಕ್ರ ವಾಹನ, ಆಟೋ, ಬಸ್ಸು ಮತ್ತು ಬಾಡಿಗೆ ಕಾರುಗಳಿಗೆ ಇತ್ತು. ೨೦೨೪ರ ಅಕ್ಟೋಬರಿನಲ್ಲಿ ಬಂದ ಪಿ.ಎಂ. ಇ-ಡ್ರೈವ್ ಯೋಜನೆಯ ೧೦,೯೦೦ ಕೋಟಿ ರೂಪಾಯಿಯಲ್ಲಿ ೨,೦೦೦ ಕೋಟಿ ಚಾರ್ಜಿಂಗ್ ಕೇಂದ್ರಗಳಿಗೆಂದು ಮೀಸಲಾಯಿತು. ಇದು ಸ್ತುತ್ಯವಾದುದು. ಆದರೆ ಈ ಹೊಸ ಯೋಜನೆಯಲ್ಲಿ ಬಾಡಿಗೆ ಕಾರಿಗೆ ಸ್ಥಾನವಿಲ್ಲ. ನಮ್ಮ ಚಾಲಕ ತರುಣನು ಎಲ್ಲರಿಗಿಂತ ಹೆಚ್ಚು ಓಡಿಸಿಯೂ ಪಟ್ಟಿಯಿಂದ ಹೊರಗುಳಿದ.

ಪ್ರೋತ್ಸಾಹವನ್ನು ಮುಟ್ಟದೆಯೇ ಅದು ಕುಗ್ಗುವುದೂ ಉಂಟು. ೨೦೨೫ರ ಸೆಪ್ಟೆಂಬರ್ ೨೨ರಂದು ಸಣ್ಣ ಪೆಟ್ರೋಲ್ ಕಾರುಗಳ ಮೇಲಿನ ತೆರಿಗೆ, ಪರಿಹಾರದ ಸೆಸ್ಸೂ ಸೇರಿ ಶೇಕಡ ೨೯ ಇದ್ದುದು, ೧೮ಕ್ಕೆ ಇಳಿಯಿತು. ವಿದ್ಯುತ್ ಕಾರಿನ ತೆರಿಗೆ ೫ರಲ್ಲಿಯೇ ನಿಂತಿತು. ಎರಡರ ನಡುವಣ ಅಂತರ ೨೪ರಿಂದ ೧೩ಕ್ಕೆ ಬಂತು. ತೆರಿಗೆಗೆ ಮುಂಚೆ ೮ ಲಕ್ಷ ಬೆಲೆಬಾಳುವ ಪೆಟ್ರೋಲ್ ಕಾರು ಒಂದೇ ದಿನದಲ್ಲಿ ೮೮,೦೦೦ ರೂಪಾಯಿ ಅಗ್ಗವಾಯಿತು. ಪಕ್ಕದಲ್ಲಿ ನಿಂತ ವಿದ್ಯುತ್ ಕಾರು ನಿಂತಲ್ಲಿಯೇ ಅಷ್ಟರಮಟ್ಟಿಗೆ ದುಬಾರಿಯಾಯಿತು. ಸಣ್ಣ ಕಾರು ಅಗ್ಗವಾದುದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ತೆರಿಗೆಯ ಅಂತರವನ್ನು ನೆಚ್ಚಿ ನಿಂತ ಪ್ರೋತ್ಸಾಹವು ಎಷ್ಟು ಅಸ್ಥಿರವಾದುದೆಂಬುದನ್ನು ತೋರಿಸಲು ಇದನ್ನು ಹೇಳಿದೆವು.

ಓಟಕ್ಕೆ ತಕ್ಕ ಪ್ರೋತ್ಸಾಹ ಸಾಧ್ಯವೆ ಎಂದು ಕೇಳುವವರಿಗೆ ನಮ್ಮ ಊರಿನ ಕಾರೊಂದರ ಕಥೆಯೇ ಉತ್ತರ. ೨೦೦೧ರಲ್ಲಿ ಬೆಂಗಳೂರಿನಲ್ಲಿ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಮಾರಾಟಕ್ಕೆ ಬಂತು. ಸೀಸ ಮತ್ತು ಆಮ್ಲದ ಹಳೆಯ ಬಗೆಯ ಬ್ಯಾಟರಿ. ಕೆಲವು ವರ್ಷಗಳಿಗೊಮ್ಮೆ ಅದನ್ನು ಬದಲಾಯಿಸುವ ಖರ್ಚು. ತವರಿನಲ್ಲಿ ಅದಕ್ಕೆ ಗಿರಾಕಿಗಳು ವಿರಳವಾಗಿಯೇ ಉಳಿದರು. ಆದರೆ ಲಂಡನ್ನಿನ ಬೀದಿಗಳಲ್ಲಿ ಅದು ಜೀ-ವಿಜ್ ಎಂಬ ಹೆಸರಿನಿಂದ ಪರಿಚಿತವಾಯಿತು. ಏಕೆ? ೨೦೦೩ರಿಂದ ಲಂಡನ್ನಿನ ನಡುಭಾಗವನ್ನು ಪ್ರವೇಶಿಸುವ ಕಾರುಗಳು ದಿನಕ್ಕೆ ೫ ಪೌಂಡು ಸುಂಕ ತೆರಬೇಕಾಯಿತು. ವಿದ್ಯುತ್ ಕಾರುಗಳಿಗೆ ಮಾತ್ರ ಸುಂಕದ ವಿನಾಯಿತಿ. ಕಾರನ್ನು ದಿನವೂ ಹೊರತೆಗೆದವನಿಗೆ ದಿನವೂ ಲಾಭ. ಮನೆಯಲ್ಲಿ ನಿಲ್ಲಿಸಿದವನಿಗೆ ಏನೂ ಇಲ್ಲ. ಇಂತಹ ವಾಹನಗಳು ಹೆಚ್ಚಿದ ಮೇಲೆ, ೨೦೨೫ರ ಡಿಸೆಂಬರಿನಲ್ಲಿ, ಆ ಪೂರ್ಣ ವಿನಾಯಿತಿಯನ್ನು ಮೊದಲೇ ತಿಳಿಸಿ ನಿಲ್ಲಿಸಲಾಯಿತು.

ಮೊದಲು ಸಿರಿವಂತರು ಕೊಂಡರೆ ತಾನೆ ಮುಂದೆ ಬಡವರಿಗೆ ಬೆಲೆ ಇಳಿಯುವುದು ಎಂಬ ವಾದವೂ ಇದೆ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ನಾರ್ವೆ ದೇಶವು ೨೦೦೧ರಿಂದ ವಿದ್ಯುತ್ ಕಾರುಗಳಿಗೆ ಶೇಕಡ ೨೫ರ ಮೌಲ್ಯವರ್ಧಿತ ತೆರಿಗೆಯನ್ನು ಬಿಟ್ಟುಕೊಟ್ಟಿತು. ೨೦೨೪ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ವಿದ್ಯುತ್ತಿನವು. ಆದರೆ ಆ ದೇಶವೂ ೨೦೨೩ರಿಂದ ೫ ಲಕ್ಷ ಕ್ರೋನರಿಗೆ ಮೀರಿದ ಬೆಲೆಯ ಮೇಲೆ ತೆರಿಗೆಯನ್ನು ಮತ್ತೆ ಹಾಕಿತು. ಸಿರಿವಂತರ ಕಾರಿಗೆ ಮಿತಿ ಬಂತು, ಸಾಮಾನ್ಯರ ಕಾರಿಗೆ ವಿನಾಯಿತಿ ಉಳಿಯಿತು. ಜರ್ಮನಿ ಮಾಡಿದುದು ಇದಕ್ಕೆ ವ್ಯತಿರಿಕ್ತ. ೨೦೨೩ರ ಡಿಸೆಂಬರಿನಲ್ಲಿ ಒಂದು ದಿನ ಮುಂಚಿತವಾಗಿ ತಿಳಿಸಿ, ಮರುದಿನವೇ ಸಹಾಯಧನದ ಬಾಗಿಲನ್ನು ಮುಚ್ಚಿತು. ಮರುವರ್ಷ ಅಲ್ಲಿ ವಿದ್ಯುತ್ ಕಾರುಗಳ ಮಾರಾಟ ಕಾಲುಭಾಗಕ್ಕೂ ಹೆಚ್ಚು ಕುಸಿಯಿತು.

ಆದಕಾರಣ ನಮ್ಮ ಸೂಚನೆಗಳು ಮೂರು. ಮೊದಲನೆಯದಾಗಿ, ಬೊಕ್ಕಸದಲ್ಲಿ ಕಾರುಗಳಿಗೆಂದು ಹಣವಿದ್ದರೆ ಅದು ಹೆಚ್ಚು ಓಡುವ ವಾಹನಕ್ಕೆ ಸಲ್ಲಲಿ. ಬಾಡಿಗೆ ಕಾರಿನ ಚಾಲಕನಿಗೆ ಬೇಕಾದುದು ದಾನವಲ್ಲ. ಮುಂಗಡವನ್ನು ತಗ್ಗಿಸುವ ಸಾಲ, ಓಡಿದಂತೆ ತೀರಿಸುವ ಕಂತು. ಒಂದು ವರ್ಷದಲ್ಲಿ ಹೆಚ್ಚಳವನ್ನು ದುಡಿದುಕೊಡಬಲ್ಲ ಯಂತ್ರಕ್ಕೆ ಸಾಲ ಕೊಡಲು ಬ್ಯಾಂಕು ಹೆದರಬೇಕಾದುದಿಲ್ಲ. ಸರ್ಕಾರವು ಜಾಮೀನು ನಿಂತರೆ ಸಾಕು. ಎರಡನೆಯದಾಗಿ, ಷೆಡ್ಡಿಲ್ಲದವರ ಬೀದಿಗಳಿಗೆ ಪ್ಲಗ್ಗು ಬರಲಿ. ರಾತ್ರಿಯೆಲ್ಲ ನಿಲ್ಲುವ ಕಾರಿಗೆ ಭಾರಿ ವೇಗದ ಯಂತ್ರ ಬೇಡ. ಬೀದಿಯ ಕಂಬಕ್ಕೆ ಮೀಟರು ಸಹಿತವಾದ ಸಾಮಾನ್ಯ ಸಂಪರ್ಕ, ಮನೆಯ ದರದಲ್ಲಿ ವಿದ್ಯುತ್ತು, ಇವಿಷ್ಟೇ ಸಾಲುತ್ತದೆ. ಹಗಲಿನಲ್ಲಿ ಚಾರ್ಜು ಮಾಡುವವರಿಗೆ ದರ ಇನ್ನೂ ಕಡಿಮೆಯಿರಲಿ. ಪಾವಗಡದ ೨,೦೫೦ ಮೆಗಾವಾಟ್ ಸೌರ ಸ್ಥಾವರದಂತಹವು ವಿದ್ಯುತ್ತನ್ನು ಕೊಡುವುದು ಬಿಸಿಲಿರುವಾಗ ತಾನೆ? ಮೂರನೆಯದಾಗಿ, ಯಾವ ರಿಯಾಯಿತಿಯಾದರೂ ಅದು ಎಂದು ಕುಗ್ಗುವುದು, ಎಂದು ಮುಗಿಯುವುದು ಎಂಬುದನ್ನು ಆರಂಭದಲ್ಲಿಯೇ ಸಾರಿ ಹೇಳಲಿ. ಇದರೊಡನೆ, ಹಳೆಯ ಕಾರನ್ನು ಮಾರುವಾಗ ಬ್ಯಾಟರಿಯ ಸಾಮರ್ಥ್ಯವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಪದ್ಧತಿಯೂ ಜಾರಿಗೆ ಬಂದರೆ, ಎರಡನೆಯ ಕೈಯ ಕಾರು ಬಡವನಿಗೆ ಧೈರ್ಯವಾಗಿ ಕೊಳ್ಳುವ ವಸ್ತುವಾದೀತು.

ವಾಚಕರಿಗೆ ನಮ್ಮ ಮಾತು ಇಷ್ಟೇ. ವಿದ್ಯುತ್ ಕಾರು ಒಳ್ಳೆಯ ಯಂತ್ರ. ಇದರಲ್ಲಿ ಸಂದೇಹ ಬೇಡ. ಕೊಳ್ಳುವ ಮುನ್ನ ಮೂರು ಅಂಕಿಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿರಿ: ವರ್ಷಕ್ಕೆ ನಿಜವಾಗಿ ಓಡಿಸುವ ಕಿಲೋಮೀಟರು, ಹೆಚ್ಚಾಗಿ ತೆರುವ ಹಣಕ್ಕೆ ಆಗುವ ಬಡ್ಡಿ, ಚಾರ್ಜು ಮಾಡುವ ಸ್ಥಳದಲ್ಲಿ ಯೂನಿಟ್ಟಿನ ದರ. ಈ ಮೂರೂ ತಿಳಿದ ಮೇಲೆ ಮಾರಾಟಗಾರನ ಮಾತನ್ನು ಕೇಳುವುದರಿಂದ ಅಪಾಯವಿಲ್ಲ. ನಾವು ಮಾಡಿದ ಅಂಕಿಗಳು ನಿಮಗೆ ಒಪ್ಪಿಗೆಯಾಗದಿದ್ದರೆ ನಿಮ್ಮವನ್ನೇ ಹಾಕಿ ನೋಡಿರಿ. ಲೆಕ್ಕದ ಕ್ರಮ ಬದಲಾಗುವುದಿಲ್ಲ.

ಮೇಷ್ಟರು ಸದ್ಯಕ್ಕೆ ಹಳೆಯ ಕಾರನ್ನೇ ಇಟ್ಟುಕೊಂಡಿದ್ದಾರೆ. ಮೊನ್ನೆ ಸಿಕ್ಕಾಗ ಆ ಚಾಲಕನ ವಿಷಯವನ್ನು ಅವರಿಗೆ ಹೇಳಿದೆವು. ಸ್ವಲ್ಪ ಹೊತ್ತು ಯೋಚಿಸಿ, "ನನ್ನ ಷೆಡ್ಡು ರಾತ್ರಿಯೆಲ್ಲ ಸುಮ್ಮನೆ ಬಿದ್ದಿರುತ್ತದೆ. ನಮ್ಮ ಬೀದಿಯಲ್ಲೂ ಇಬ್ಬರು ಬಾಡಿಗೆ ಕಾರಿನವರಿದ್ದಾರೆ, ಅವರನ್ನು ಕೇಳಿ ನೋಡುತ್ತೇನೆ" ಎಂದರು. ಒಬ್ಬ ಗೃಹಸ್ಥರಿಗೆ ಹೊಳೆದ ಈ ಮಾತು ನಮ್ಮ ನಗರಸಭೆಗಳಿಗೂ ಹೊಳೆಯಬೇಕೆಂದು ನಾವು ಹಾರೈಸುತ್ತೇವೆ.